ಪ್ರರೋಚನೆಯಿಂದ ಗಾಳದವರೆಗೆ

ವರ್ತಮಾನಪತ್ರಿಕೆಗಳನ್ನು ಕಾಗದದ ಮೇಲೆ ಓದುತ್ತಿದ್ದ ಎಷ್ಟೋ ಮನೆಗಳವರು ಈಗ ಮೊಬೈಲಿನ ಗಾಜಿನ ಮೇಲೆ ಓದುತ್ತಿರುವರು. ಹಾಗೆ ಓದುವಾಗ, ಹೇಮಾವತಿ ನಾಲೆಯ ನೀರಿನ ಸುದ್ದಿಯೋ ಕೊಬ್ಬರಿಯ ಧಾರಣೆಯ ಸುದ್ದಿಯೋ ಮುಗಿಯುವೆಡೆಯಲ್ಲಿ, ಒಂದು ವಿಚಿತ್ರವಾದ ಚಿತ್ರಶಾಲೆ ತೆರೆದುಕೊಳ್ಳುವುದನ್ನು ವಾಚಕಮಹಾಶಯರು ಕಂಡಿರಬಹುದು. ಹುಳುಕು ಹಿಡಿದ ಹಲ್ಲು, ಬಾತುಕೊಂಡ ಪಾದ, ಕಿವಿಯೊಳಗಿನಿಂದ ಹೊರಗೆ ಇಣುಕುವ ಏನೋ ಒಂದು, ಕೊಯ್ದ ಹಣ್ಣಿನ ನಡುವೆ ಕಣ್ಣಿನಂತೆ ಕಾಣುವ ಮತ್ತೊಂದು. ಪ್ರತಿಯೊಂದರ ಕೆಳಗೂ ಅರ್ಧಕ್ಕೆ ನಿಂತ ಒಂದು ವಾಕ್ಯ: ರಾತ್ರಿ ಮಲಗುವ ಮುನ್ನ ಇದನ್ನು ತಿನ್ನಲೇಬೇಡಿ, ಈ ಎಲೆಯ ಗುಟ್ಟನ್ನು ವೈದ್ಯರು ಮುಚ್ಚಿಟ್ಟಿದ್ದೇಕೆ, ಆ ಮನೆಯ ಗೋಡೆ ಒಡೆದಾಗ ಒಳಗೆ ಕಂಡದ್ದು. ನೋಡಿದ ಕೂಡಲೆ ಮನಸ್ಸು ಹೇಸುತ್ತದೆ. ಆದರೂ ಬೆರಳು ಅತ್ತ ಕಡೆಗೇ ಹೋಗುತ್ತದೆ. ಈ ವಿರೋಧವು ಎಲ್ಲಿಂದ ಬಂದಿತು, ಇದರ ಹಿಂದಿನ ಚರಿತ್ರೆಯೇನು ಎಂಬುದನ್ನು ನನ್ನ ಬುದ್ಧಿಗೆ ತೋರಿದ ಮಟ್ಟಿಗೆ ಇಲ್ಲಿ ವಿಚಾರಮಾಡುತ್ತೇನೆ.

ಕೂಗಿ ಕರೆಯುವುದು ಹೊಸ ವಿದ್ಯೆಯಲ್ಲ. ಸಂತೆಯಿದ್ದ ಕಡೆಯಲ್ಲೆಲ್ಲ ಕೂಗು ಉಂಟು. ಅರಸನಿದ್ದ ಕಡೆ ಡಂಗುರವುಂಟು. ಮಾಲವದೇಶದ ದಶಪುರ, ಎಂದರೆ ಇಂದಿನ ಮಂದಸೋರಿನ ರೇಷ್ಮೆ ನೇಕಾರರ ಶ್ರೇಣಿಯು ತಾನು ಕಟ್ಟಿಸಿದ ಸೂರ್ಯದೇವಾಲಯವನ್ನು ಜೀರ್ಣೋದ್ಧಾರಮಾಡಿ, ಕ್ರಿ. ಶ. 473ರ ಸುಮಾರಿನಲ್ಲಿ ಕೆತ್ತಿಸಿದ ಶಾಸನವನ್ನು ಸಂಸ್ಕೃತಾಭ್ಯಾಸಿಗಳು ಬಲ್ಲರು. ವತ್ಸಭಟ್ಟಿಯೆಂಬ ಕವಿ ರಚಿಸಿದ ಆ ಶಾಸನದಲ್ಲಿ, ದೇವರ ಸ್ತುತಿ ರಾಜರ ಸ್ತುತಿಗಳ ನಡುವೆ, ರೇಷ್ಮೆಯ ವಸ್ತ್ರವನ್ನುಡದೆ ಸುಂದರಿಯ ಅಲಂಕಾರವು ಪೂರ್ಣವಾಗಲಾರದೆಂಬ ಮಾತನ್ನು ನೇಕಾರರು ಮೆಲ್ಲನೆ ಸೇರಿಸಿಬಿಟ್ಟಿದ್ದಾರೆ. ದೇವಾಲಯದ ಶಾಸನದಲ್ಲಿ ಅಂಗಡಿಯ ಮಾತು! ಆದರೂ ಅದನ್ನು ಓದಿ ನಮಗೆ ಕೋಪ ಬರುವುದಿಲ್ಲ, ನಗು ಬರುತ್ತದೆ. ಏಕೆಂದರೆ ಹೇಳಿದವರಾರೆಂಬುದು ಕಲ್ಲಿನ ಮೇಲೆಯೇ ಇದೆ, ಸರಕು ಎಂತಹುದೆಂಬುದನ್ನು ಮುಟ್ಟಿ ನೋಡುವ ಸ್ವಾತಂತ್ರ್ಯ ಕೊಳ್ಳುವವನಿಗಿತ್ತು.

ನಮ್ಮ ನಾಟ್ಯಶಾಸ್ತ್ರಕಾರರು ಈ ಕರೆಗೆ ಒಂದು ಹೆಸರನ್ನೇ ಇಟ್ಟಿರುವರು. ಭಾರತೀವೃತ್ತಿಗೆ ಪ್ರರೋಚನೆ, ಆಮುಖ, ವೀಥಿ, ಪ್ರಹಸನ ಎಂದು ನಾಲ್ಕು ಅಂಗಗಳು. ಅವುಗಳಲ್ಲಿ ಪ್ರರೋಚನೆಯೆಂದರೆ ಮುಂದೆ ಬರುವ ನಾಟಕದಲ್ಲಿ ರುಚಿ ಹುಟ್ಟುವಂತೆ ಸಭೆಗೆ ಹೇಳತಕ್ಕ ಪ್ರಶಂಸೆ. ಶ್ರೀಹರ್ಷನ ರತ್ನಾವಳಿಯಲ್ಲಿ ಸೂತ್ರಧಾರನು ಕವಿ ನಿಪುಣನೆಂದೂ, ಸಭೆ ಗುಣಗ್ರಾಹಿಯೆಂದೂ, ಕಥೆ ಮನೋಹರವೆಂದೂ, ನಟರು ದಕ್ಷರೆಂದೂ ಒಂದೇ ಉಸಿರಿನಲ್ಲಿ ನಾಲ್ವರನ್ನೂ ಹೊಗಳಿ ಮುಗಿಸುತ್ತಾನೆ. ಇಂದಿನ ಜಾಹೀರಾತುಗಾರನು ಇದಕ್ಕಿಂತ ಹೆಚ್ಚಿನದನ್ನೇನೂ ಕಲಿತಿಲ್ಲವೆಂದು ಕೆಲವು ವೇಳೆ ನನಗೆ ತೋರುವುದುಂಟು. ಭೇದವಿರುವುದು ಬೇರೊಂದೆಡೆಯಲ್ಲಿ. ಸೂತ್ರಧಾರನು ಹೊಗಳಿ ಓಡಿಹೋಗುವುದಿಲ್ಲ. ಅವನ ಮಾತು ಮುಗಿದೊಡನೆ ಅದೇ ರಂಗದ ಮೇಲೆ ಅದೇ ಸಭೆಯ ಮುಂದೆ ನಾಟಕ ನಡೆಯಲೇಬೇಕು.

ಈ ಮಾತಿಗೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದ್ದು 1884ನೆಯ ಇಸವಿಯಲ್ಲಿ. 1891ರಲ್ಲಿ ಜನಿಸಿದ ವೀರಣ್ಣನವರು ಬಾಲ್ಯದಲ್ಲಿಯೇ ಅದನ್ನು ಸೇರಿ, ಮುಂದೆ ಅದರ ಯಜಮಾನರಾಗಿ, ಗುಬ್ಬಿಯ ಹೆಸರು ಊರಿನ ಹೆಸರೋ ಕಂಪನಿಯ ಹೆಸರೋ ಎಂದು ಹೊರಗಿನವರು ಕೇಳುವಂತೆ ಮಾಡಿದರು. ನಾಟಕ ಕಂಪನಿಗಳ ಪ್ರಚಾರದ ವೈಭವವನ್ನು ಹಿರಿಯರು ಈಗಲೂ ವರ್ಣಿಸುವುದುಂಟು. ಗಾಡಿಯ ಎರಡು ಪಕ್ಕಕ್ಕೂ ಬಣ್ಣದ ಹಲಗೆ, ಒಳಗೆ ವಾದ್ಯದವರು, ಬೀದಿಯ ತಿರುವಿನಲ್ಲೆಲ್ಲ ತೆಳುಕಾಗದದ ಕರಪತ್ರ. ಹಿಂದೆ ಓಡುವ ಮಕ್ಕಳಿಗೆ ಒಂದು ಕೈಗೆ ಸಿಕ್ಕರೆ ಎರಡು ಬೇಕು. ಅದ್ಭುತ, ಅಮೋಘ, ರೋಮಾಂಚಕಾರಿ ಎಂಬ ವಿಶೇಷಣಗಳಿಗೆ ಲೆಕ್ಕವಿರಲಿಲ್ಲ. ಅವರೂ ಸತ್ಯಹರಿಶ್ಚಂದ್ರರೇನಲ್ಲ. ಇಂದೇ ಕಡೆಯ ಆಟವೆಂದು ಸಾರಿ, ಮರುದಿನ ಮಹಾಜನರ ಅಪೇಕ್ಷೆಯ ಮೇರೆಗೆ ಇನ್ನೊಂದು ವಾರ ಎಂದು ಚೀಟಿ ಅಂಟಿಸುವುದು ಕಂಪನಿಗಳ ಪ್ರಪಂಚದಲ್ಲಿ ಎಲ್ಲರೂ ಬಲ್ಲ ಉಪಾಯವಾಗಿತ್ತು.

ಆದರೆ 1934ರಲ್ಲಿ ಗುಬ್ಬಿ ಕಂಪನಿಯು ಕುರುಕ್ಷೇತ್ರ ನಾಟಕವನ್ನು ಪ್ರಯೋಗಿಸಿದಾಗ ನಿಜವಾದ ಆನೆಗಳೂ ಕುದುರೆಗಳೂ ರಂಗದ ಮೇಲೆ ಬಂದುವು. ಆನೆ ಬರುತ್ತದೆಂಬ ಸುದ್ದಿ ಕೇಳಿ ಕಾಸು ಕೊಟ್ಟು ಒಳಗೆ ಹೋದವನಿಗೆ ಆನೆ ಕಾಣುತ್ತಿತ್ತು. ಅದೇ ವರ್ಷ ಕನ್ನಡದ ಮೊದಲ ಮಾತಿನ ಚಿತ್ರವಾದ ಸತಿ ಸುಲೋಚನ ತೆರೆಗೆ ಬಂದಿತು. ಅದಕ್ಕೆ ಮಾತು ಬರೆದವರೂ ನಮ್ಮ ಬೆಳ್ಳಾವೆಯ ನರಹರಿಶಾಸ್ತ್ರಿಗಳೇ. ಜನರ ಕಣ್ಣನ್ನು ಸೆಳೆಯುವ ಸ್ಪರ್ಧೆಗೆ ಆಗ ಇಬ್ಬರಾದರು, ಕೂಗು ಇನ್ನೂ ಜೋರಾಯಿತು. ಆದರೂ ಇಬ್ಬರ ವಿಷಯದಲ್ಲಿಯೂ ಒಂದು ನಿಯಮ ತಪ್ಪಲಿಲ್ಲ: ಕಾಸು ಬೀಳುತ್ತಿದ್ದದ್ದು ಡೇರೆಯ ಬಾಗಿಲಿನಲ್ಲಿ, ಕೂಗಿನ ಬಳಿಯಲ್ಲಲ್ಲ. ಆಟ ಕೆಟ್ಟರೆ ಮರುದಿನ ಡೇರೆ ಖಾಲಿ. ಕೂಗಿದವನು ಇನ್ನೂ ಕೆಲವು ವಾರ ಅದೇ ಊರಿನ ಮೈದಾನದಲ್ಲಿ ಇರಬೇಕಾದವನು, ಅದೇ ಊರಿನ ಅಂಗಡಿಯಲ್ಲಿ ಸಾಲ ಹೇಳಬೇಕಾದವನು.

ಕೂಗಿದವನೂ ಕೇಳಿದವನೂ ಪರಸ್ಪರ ಮುಖ ಕಾಣದಂತೆ ಮಾಡಿದ್ದು ಮುದ್ರಣಯಂತ್ರ. ಇದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಿಂದೂಸ್ಥಾನದಲ್ಲಿ ಮೊದಲು ಅಚ್ಚಾದ ವೃತ್ತಪತ್ರಿಕೆ 1780ನೆಯ ಇಸವಿ ಜನವರಿ 29ರಂದು ಕಲ್ಕತ್ತೆಯಲ್ಲಿ ಹಿಕಿ ಎಂಬಾತನು ಹೊರಡಿಸಿದ ಬೆಂಗಾಲ್ ಗೆಜೆಟ್. ಅದರ ಪೂರ್ಣನಾಮದಲ್ಲಿಯೇ ಅಡ್ವರ್ಟೈಸರ್, ಎಂದರೆ ಜಾಹೀರುಮಾಡುವುದು ಎಂಬ ಪದ ಸೇರಿಕೊಂಡಿತ್ತು. ನಮ್ಮ ಭಾಷೆಯ ಮೊದಲ ಪತ್ರಿಕೆ, ಮೊಗ್ಲಿಂಗ್ ಪಾದ್ರಿಗಳ ಮಂಗಳೂರ ಸಮಾಚಾರ, 1843ರ ಜುಲೈ 1ರಂದು ಹೊರಟಿತು. ಆದರೆ ಸುದ್ದಿಗೂ ಜಾಹೀರಾತಿಗೂ ಮದುವೆಯಾದದ್ದು ಅಮೆರಿಕದಲ್ಲಿ. ಇತರ ಪತ್ರಿಕೆಗಳು ಆರು ಸೆಂಟಿಗೆ ಮಾರುತ್ತಿದ್ದ ಕಾಲದಲ್ಲಿ, 1833ರಲ್ಲಿ ಹುಟ್ಟಿದ ನ್ಯೂಯಾರ್ಕಿನ ಸನ್ ಪತ್ರಿಕೆ ಒಂದೇ ಸೆಂಟಿಗೆ ದೊರೆಯುತ್ತಿತ್ತು. ನಷ್ಟವನ್ನು ತುಂಬುತ್ತಿದ್ದವರು ಜಾಹೀರಾತು ಕೊಡುವವರು. ಎಂದರೆ ಪತ್ರಿಕೆಯವನು ಓದುಗನಿಗೆ ಸುದ್ದಿಯನ್ನು ಮಾರುತ್ತಿರಲಿಲ್ಲ. ಓದುಗನ ಕಣ್ಣನ್ನು ವ್ಯಾಪಾರಿಗೆ ಮಾರುತ್ತಿದ್ದನು. ಎರಡೇ ವರ್ಷಗಳಲ್ಲಿ ಇದರ ಫಲ ಕಂಡಿತು. 1835ರ ಆಗಸ್ಟಿನಲ್ಲಿ ಆ ಪತ್ರಿಕೆಯು, ಖಗೋಳಶಾಸ್ತ್ರಜ್ಞ ಹರ್ಷೆಲನು ದೂರದರ್ಶಕದಿಂದ ಚಂದ್ರನಲ್ಲಿ ಬಾವಲಿಯ ರೆಕ್ಕೆಯುಳ್ಳ ಮನುಷ್ಯರನ್ನು ಕಂಡನೆಂದು ಆರು ಕಂತುಗಳಲ್ಲಿ ಬರೆಯಿತು. ಹರ್ಷೆಲನು ಆಗ ದಕ್ಷಿಣ ಆಫ್ರಿಕದಲ್ಲಿದ್ದುದರಿಂದ ಒಡನೆಯೇ ಅಲ್ಲವೆನ್ನುವವರು ಯಾರೂ ಇರಲಿಲ್ಲ. ಸುಳ್ಳೆಂದು ತಿಳಿದ ಮೇಲೆಯೂ ಪತ್ರಿಕೆಗೆ ಕೇಡಾಗಲಿಲ್ಲ.

ನಮ್ಮ ದೇಶದ ಪತ್ರಿಕೆಗಳಲ್ಲಿ ಚಂದ್ರಲೋಕದ ಸ್ಥಾನವನ್ನು ಔಷಧಗಳು ಪಡೆದುವು. ಸ್ವಾತಂತ್ರ್ಯಪೂರ್ವದ ಯಾವ ಹಳೆಯ ಸಂಪುಟವನ್ನಾದರೂ ತೆರೆದು ಹಿಂದಿನ ರಕ್ಷಾಪತ್ರವನ್ನು ನೋಡಿರಿ. ಧಾತುಪುಷ್ಟಿಯ ಲೇಹ್ಯ, ಸರ್ವರೋಗಹರ ಗುಳಿಗೆ, ಬೋಳುತಲೆಗೆ ತೈಲ. ಇವುಗಳ ಹಾವಳಿ ಎಷ್ಟಾಯಿತೆಂದರೆ 1954ರಲ್ಲಿ ಭಾರತದ ಪಾರ್ಲಿಮೆಂಟು ಔಷಧಗಳ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಮೇಲೆ ಒಂದು ಕಾಯಿದೆಯನ್ನೇ ಮಾಡಿತು. ಅದರ ಅನುಬಂಧದಲ್ಲಿ 54 ರೋಗಗಳ ಪಟ್ಟಿಯುಂಟು. ಅವುಗಳನ್ನು ಗುಣಪಡಿಸುತ್ತೇವೆಂದು ಜಾಹೀರುಮಾಡುವುದೇ ಅಪರಾಧ. ಇದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹಮ್‌ದರ್ದ್ ದವಾಖಾನೆಯವರು ಸುಪ್ರೀಂ ಕೋರ್ಟಿಗೆ ಹೋದರು. 1959ರ ಡಿಸೆಂಬರಿನಲ್ಲಿ ಬಂದ ತೀರ್ಪು ಕಾಯಿದೆಯ ಕೆಲವು ಭಾಗಗಳನ್ನು ತೆಗೆದುಹಾಕಿತಾದರೂ, ಇಂತಹ ಜಾಹೀರಾತು ಸಂವಿಧಾನವು ರಕ್ಷಿಸುವ ವಾಕ್ಕಲ್ಲವೆಂಬ ಮೂಲತತ್ತ್ವವನ್ನು ಎತ್ತಿಹಿಡಿಯಿತು. ಕಾಗದದ ಕಾಲದಲ್ಲಿ ಮುಖ ಕಾಣದಿದ್ದರೂ ಅಚ್ಚುಕೂಟದ ವಿಳಾಸವಾದರೂ ಪುಟದ ಕೆಳಗಿರುತ್ತಿತ್ತು. ಪೋಲೀಸಿನವನು ಅಲ್ಲಿಗೆ ಹೋಗಿ ಬಾಗಿಲು ತಟ್ಟಬಹುದಾಗಿತ್ತು.

ಇನ್ನು ಅಂತರ್ಜಾಲದ ಯುಗ. 1994ನೆಯ ಇಸವಿ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ಒಂದು ದೂರವಾಣಿ ಕಂಪನಿಯ ಜಾಹೀರಾತು ಪಟ್ಟಿ ಕಾಣಿಸಿತು. ಅದು ಏನನ್ನು ಮಾರುತ್ತಿದ್ದೇನೆಂದು ಹೇಳಲಿಲ್ಲ. ಇಲ್ಲಿ ಎಂದಾದರೂ ಒತ್ತಿದ್ದೀರಾ ಎಂದು ಕೇಳಿ, ಒತ್ತುವಿರಿ ಎಂದು ಭವಿಷ್ಯ ನುಡಿಯಿತು, ಅಷ್ಟೆ. ಕಂಡವರಲ್ಲಿ ನೂರಕ್ಕೆ 44 ಮಂದಿ ಒತ್ತಿದರೆಂದು ಪ್ರತೀತಿ. ಈಗ ಅಂತಹ ಪಟ್ಟಿಗಳನ್ನು ನೂರರಲ್ಲಿ ಒಬ್ಬನು ಒತ್ತಿದರೆ ಹೆಚ್ಚು. ನಾವು ಬೇಸತ್ತಂತೆಲ್ಲ ಅವರು ಕೂಗನ್ನು ಬದಲಾಯಿಸಬೇಕಾಯಿತು. 1998ರಿಂದೀಚೆಗೆ ಒತ್ತಿದ ಸಲಕ್ಕೆ ಇಷ್ಟು ಎಂದು ಹಣ ಕೊಡುವ ಪದ್ಧತಿಯೂ, ಜಾಗವನ್ನು ಹರಾಜು ಹಾಕುವ ಪದ್ಧತಿಯೂ ಬಳಕೆಗೆ ಬಂದುವು. ನಾವು ಪುಟವನ್ನು ತೆರೆದ ಅರೆಕ್ಷಣದಲ್ಲಿ, ನಮ್ಮ ಕಣ್ಣಿನ ಬೆಲೆಯನ್ನು ಯಂತ್ರಗಳು ಕೂಗಿ ಮುಗಿಸಿರುತ್ತವೆ! ಸುದ್ದಿಯ ಬುಡದಲ್ಲಿ ಚಿತ್ರಶಾಲೆಯನ್ನು ಕಟ್ಟುವ ಔಟ್‌ಬ್ರೇನ್, ಟಬೂಲಾ ಎಂಬ ಕಂಪನಿಗಳು ಹುಟ್ಟಿದ್ದು 2006, 2007ರಲ್ಲಿ. ಸುದ್ದಿಪತ್ರಿಕೆಗೆ ಇದರಿಂದ ಪಾಲು ಬರುತ್ತದೆ. ಕಾಸು ಕೊಟ್ಟು ಓದಲೊಲ್ಲದ ನಮ್ಮಂತಹವರನ್ನು ಸಾಕಲು ಅದಕ್ಕೂ ಬೇರೆ ಆದಾಯ ಬೇಕಷ್ಟೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹುಳುಕು ಹಲ್ಲಿನ ಚಿತ್ರವನ್ನು ಯಾವನೋ ದುಷ್ಟನು ಕುಳಿತು ಆರಿಸಿದನೆಂದು ಭಾವಿಸಬೇಕಾಗಿಲ್ಲ. ಒಂದೇ ಸರಕಿಗೆ ಹತ್ತು ಚಿತ್ರಗಳನ್ನೂ ಹತ್ತು ಶೀರ್ಷಿಕೆಗಳನ್ನೂ ಕೊಟ್ಟರೆ ಯಂತ್ರವು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಜನರಿಗೆ ತೋರಿಸಿ, ಹೆಚ್ಚು ಒತ್ತಿಸಿಕೊಂಡದ್ದನ್ನು ಉಳಿಸಿ ಮಿಕ್ಕದ್ದನ್ನು ಬಿಡುತ್ತದೆ. ಸುಂದರವಾದ ಗುಲಾಬಿ ಸೋತಿತು, ಹಲ್ಲು ಗೆದ್ದಿತು. ಆರಿಸಿದವರು ನಾವೇ. ಇಂತಹ ಚಿತ್ರಗಳ ಗುಂಪಿಗೆ ಅಮೆರಿಕದವರು ಇಟ್ಟಿರುವ ಅಡ್ಡಹೆಸರು, ದೊಡ್ಡ ಮೀನನ್ನು ಸೆಳೆಯಲು ಕಡಲಿಗೆ ಎರಚುವ ರಕ್ತಮಾಂಸದ ಚೂರುಗಳ ಹೆಸರು. ಕುಣಿಗಲ್ಲಿನ ದೊಡ್ಡಕೆರೆಯ ಏರಿಯ ಮೇಲೆ ಗಾಳ ಹಿಡಿದು ಕುಳಿತವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಹುಳು ಮೀನಿಗೆ ಆಹಾರವೇ ಹೌದು, ಅದರಲ್ಲಿ ಸುಳ್ಳಿಲ್ಲ, ಹುಳುವಿನೊಳಗಿರುವುದು ಬೇರೆ.

ಹಾಗಾದರೆ ಮನಸ್ಸು ಏಕೆ ಕಚ್ಚುತ್ತದೆ? ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಉತ್ತರದ ಅರ್ಧಭಾಗವು ನೆನಪಿಗೆ ಬಂದೀತು. ಪದಗಳ ಗುಂಪು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನೈಯಾಯಿಕರ ಮತ. ‘ಹಸುವನ್ನು’ ಎಂದೊಡನೆ ಕೇಳಿದವನ ಮನಸ್ಸು ‘ಏನು ಮಾಡಬೇಕು?’ ಎಂದು ಕಾಯುತ್ತದೆ. ‘ತಾ’ ಎಂದ ಮೇಲೆಯೇ ಅದಕ್ಕೆ ವಿಶ್ರಾಂತಿ. ಆ ಕಾಯುವಿಕೆಯೇ ಆಕಾಂಕ್ಷೆ. ಬೆಂಕಿಯಿಂದ ಗಿಡವನ್ನು ನೆನೆಸು ಎಂದರೆ ಯೋಗ್ಯತೆಯಿಲ್ಲ. ‘ಹಸುವನ್ನು’ ಎಂದು ಈ ಜಾವದಲ್ಲಿ ಹೇಳಿ ‘ತಾ’ ಎಂದು ಮುಂದಿನ ಜಾವದಲ್ಲಿ ಹೇಳಿದರೆ ಸನ್ನಿಧಿಯಿಲ್ಲ. ಈಗ ನಮ್ಮ ಚಿತ್ರಶಾಲೆಯ ವಾಕ್ಯವನ್ನು ತೆಗೆದುಕೊಳ್ಳಿರಿ. ‘ರಾತ್ರಿ ಇದನ್ನು ತಿನ್ನಬೇಡಿ.’ ಯಾವುದನ್ನು? ‘ಇದು’ ಎಂಬ ಸರ್ವನಾಮಕ್ಕೆ ನಾಮವೇ ಇಲ್ಲ. ಆಕಾಂಕ್ಷೆಯನ್ನು ಬೇಕೆಂದೇ ತೆರೆದಿಟ್ಟು, ಅದನ್ನು ತುಂಬುವ ಪದವನ್ನು ಮೂವತ್ತು ಪುಟಗಳಾಚೆ ಇಟ್ಟಿದ್ದಾರೆ. ಪ್ರತಿಪುಟದಲ್ಲಿಯೂ ಮತ್ತೆ ನಾಲ್ಕು ಜಾಹೀರಾತು. ಕಡೆಗೆ ಸಿಕ್ಕುವ ಪದಕ್ಕೋ, ಬೆಂಕಿಯಿಂದ ನೆನೆಸುವಷ್ಟೇ ಯೋಗ್ಯತೆ. ನಮ್ಮ ತಾರ್ಕಿಕರು ವಾಕ್ಯದೋಷಗಳೆಂದು ಎಣಿಸಿದ್ದನ್ನೆಲ್ಲ ಇವರು ಬಂಡವಾಳವಾಗಿ ಮಾಡಿಕೊಂಡಿದ್ದಾರೆ. ಜಾರ್ಜ್ ಲೋವನ್‌ಸ್ಟೈನ್ ಎಂಬ ಅಮೆರಿಕದ ಪಂಡಿತರು 1994ರಲ್ಲಿ ಕುತೂಹಲವನ್ನು ಕುರಿತು ಬರೆಯುತ್ತ, ತಿಳಿದದ್ದಕ್ಕೂ ತಿಳಿಯಬೇಕಾದದ್ದಕ್ಕೂ ನಡುವೆ ಬಿರುಕು ಕಂಡಾಗ ಮನಸ್ಸಿಗೆ ಒಂದು ಬಗೆಯ ಕೊರತೆಯ ನೋವಾಗುತ್ತದೆಂದೂ, ಆ ಬಿರುಕನ್ನು ಮುಚ್ಚಲು ಅದು ಹಾತೊರೆಯುತ್ತದೆಂದೂ ಪ್ರತಿಪಾದಿಸಿದರು. ಹಸಿವಿನಂತೆಯೇ ಇದೂ, ವಿವೇಕಕ್ಕಿಂತ ಮೊದಲೇ ಏಳುತ್ತದೆ.

ಉತ್ತರದ ಇನ್ನರ್ಧ ಭಯಜುಗುಪ್ಸೆಗಳಲ್ಲಿದೆ. ಹಾವನ್ನು ಹೂವೆಂದು ತಿಳಿದವನ ಸಂತತಿ ಉಳಿಯಲಿಲ್ಲ. ಹೂವನ್ನು ಹಾವೆಂದು ಬೆದರಿದವನ ಸಂತತಿ ನಾವು. ಕೊಳೆತದ್ದು, ಊದಿದ್ದು, ಹುಳ ಬಿದ್ದದ್ದು ಕಣ್ಣಿಗೆ ಬಿದ್ದರೆ ನಿಂತು ನೋಡಿ ನಿಶ್ಚಯಿಸಿಕೊಳ್ಳದೆ ಮುಂದೆ ಹೋಗಬಾರದೆಂಬುದು ದೇಹದ ಹಳೆಯ ಕಟ್ಟಳೆ. 2023ರಲ್ಲಿ ಕೆಲವು ಸಂಶೋಧಕರು ಅಪ್‌ವರ್ದಿ ಎಂಬ ಜಾಲತಾಣದ ಸುಮಾರು 1,05,000 ಶೀರ್ಷಿಕೆಗಳನ್ನು ಪರಿಶೀಲಿಸಿದಾಗ, ಸಾಧಾರಣ ಉದ್ದದ ಶೀರ್ಷಿಕೆಯಲ್ಲಿ ಒಂದು ಅಶುಭಸೂಚಕ ಪದ ಹೆಚ್ಚಾದರೆ ಒತ್ತುವವರ ಪ್ರಮಾಣ ಶೇಕಡಾ 2.3ರಷ್ಟು ಏರುವುದೆಂದು ಕಂಡಿತು. ಶುಭಪದಗಳಿಂದ ಇಳಿಯಿತು. ಭಯಾನಕ ಬೀಭತ್ಸಗಳನ್ನು ನಮ್ಮವರು ರಸಗಳಲ್ಲಿ ಸೇರಿಸಲಿಲ್ಲವೆ ಎಂದು ಕೇಳಬಹುದು. ಸೇರಿಸಿದರು, ಆದರೆ ಭಯವೆಂಬ ಸ್ಥಾಯಿ ರಸವಾಗಬೇಕಾದರೆ ನಾಟಕ ಪೂರ್ತಿಯಾಗಬೇಕು. ಮುಖಸಂಧಿಯಲ್ಲಿ ಬಿತ್ತಿದ ಬೀಜವು ನಿರ್ವಹಣಸಂಧಿಯಲ್ಲಿ ಫಲಿಸಬೇಕು. ಇಲ್ಲಿ ಬಿತ್ತನೆ ಮಾತ್ರ ಇದೆ, ಸಾವಿರ ಸಾವಿರ ಬಿತ್ತನೆ. ಸೂತ್ರಧಾರನ ಹೊಗಳಿಕೆಗೇ ಟಿಕೇಟಿನ ಹಣ ಸಂದುಹೋಗುವುದಾದರೆ ಯಾವ ಕಂಪನಿಯು ಆನೆಯನ್ನು ಸಾಕೀತು?

ಇಷ್ಟೇ ಆಗಿದ್ದರೆ ಕಾಲಹರಣವೆಂದು ಸುಮ್ಮನಿರಬಹುದಾಗಿತ್ತು. ಈಚೆಗೆ ಇವರು ಊರಿನವರ ವೇಷವನ್ನೂ ಹಾಕಲು ಕಲಿತಿದ್ದಾರೆ. ಓದುವವನು ಎಲ್ಲಿರುವನೆಂಬುದನ್ನು ಯಂತ್ರವು ಊಹಿಸಿ ಆ ಊರಿನ ಹೆಸರನ್ನು ಖಾಲಿ ಜಾಗದಲ್ಲಿ ತುಂಬುತ್ತದೆ. ಒಂದೇ ಗೃಹಿಣಿ ತುಮಕೂರಿನಲ್ಲಿ ಓದಿದರೆ ತುಮಕೂರಿನವಳು, ಗುಬ್ಬಿಯಲ್ಲಿ ಓದಿದರೆ ಗುಬ್ಬಿಯವಳು. ಕುಣಿಗಲ್ಲಿನಲ್ಲಿ ಮಾತ್ರ ಕೆಲವೊಮ್ಮೆ ಬೆಂಗಳೂರಿನವಳಾಗುತ್ತಾಳೆ, ತಂತಿಯ ಸಂಪರ್ಕ ಬೆಂಗಳೂರಿನ ಮೂಲಕ ಹಾದುಹೋಗುವುದೇ ಇದಕ್ಕೆ ಕಾರಣವೆಂದು ನನ್ನ ಹಳೆಯ ಶಿಷ್ಯನೊಬ್ಬನು ವಿವರಿಸಿದನು. ಪರಿಚಿತರ ಮುಖವನ್ನೂ ಕದಿಯುತ್ತಾರೆ. ಇನ್ಫೋಸಿಸ್ ಸ್ಥಾಪಕರಾದ ನಾರಾಯಣ ಮೂರ್ತಿಯವರು ತಾವು ಎಂದೂ ಆಡದ ಮಾತುಗಳನ್ನು ಆಡುತ್ತ, ಹಣ ಹೂಡುವ ಯಂತ್ರಗಳನ್ನು ಹೊಗಳುವಂತೆ ಕೃತಕ ಚಿತ್ರಗಳೂ ಸುಳ್ಳು ಸಂದರ್ಶನಗಳೂ ಹರಡಿದುವು. 2023ರ ಡಿಸೆಂಬರಿನಲ್ಲಿ ಅವರೇ ಬಹಿರಂಗವಾಗಿ ಜನರನ್ನು ಎಚ್ಚರಿಸಬೇಕಾಯಿತು. ಸರ್ಕಾರವು ಸುಮ್ಮನಿದೆಯೆಂದಲ್ಲ. 2022ರ ಜೂನ್ 9ರ ಕೇಂದ್ರದ ಮಾರ್ಗಸೂಚಿಗಳಲ್ಲಿ ‘ಗಾಳದ ಜಾಹೀರಾತು’ ಎಂಬ ಅರ್ಥದ ಪದವೇ ಇದೆ, ಅಗ್ಗದ ಬೆಲೆ ತೋರಿಸಿ ಸೆಳೆಯುವುದಕ್ಕೆ. 2023ರ ನವೆಂಬರ್ 30ರಂದು ಹೊರಟ ಮತ್ತೊಂದು ಮಾರ್ಗಸೂಚಿಯು 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿದೆ. ಸುದ್ದಿಯ ವೇಷದಲ್ಲಿ ಬರುವ ಜಾಹೀರಾತು ಅದರಲ್ಲಿ ಒಂದು. ಸುಳ್ಳು ಅವಸರ ಹುಟ್ಟಿಸುವುದು ಇನ್ನೊಂದು. ‘ಕಡೆಯ ಆಟ’ದ ಚೀಟಿ ಅಂಟಿಸುತ್ತಿದ್ದ ನಮ್ಮ ಕಂಪನಿಯವರು ಬದುಕಿದ್ದರೆ ನಕ್ಕುಬಿಡುತ್ತಿದ್ದರೇನೋ.

ನನ್ನೊಡನೆ ಬಹುಕಾಲ ಉಪಾಧ್ಯಾಯರಾಗಿದ್ದ ಗುಬ್ಬಿಯ ಮಿತ್ರರೊಬ್ಬರು, ಸಾಮಾನ್ಯರಲ್ಲ, ಗಣಿತವನ್ನು ಮೂವತ್ತು ವರ್ಷ ಕಲಿಸಿದವರು, ಕಳೆದ ವರ್ಷ ಇಂತಹುದೇ ಒಂದು ಚಿತ್ರವನ್ನು ಒತ್ತಿದರು. ಬಾತ ಪಾದದ ಚಿತ್ರ. ಕೆಳಗೆ, ತುಮಕೂರಿನ ವೃದ್ಧವೈದ್ಯರೊಬ್ಬರು ಸಕ್ಕರೆ ಕಾಯಿಲೆಗೆ ಕಂಡುಹಿಡಿದ ಚೂರ್ಣದ ಮಾತು. ತುಮಕೂರಿನವರೆಂದದ್ದೇ ಅವರಿಗೆ ನಂಬಿಕೆ ತಂದಿತು. ದೂರದವರು ಮೋಸಮಾಡಿಯಾರು, ಇಲ್ಲಿಯವರು ಮಾಡುವರೆ ಎಂದು ನನ್ನೊಡನೆ ಅಂದರು. ಅಂಚೆಯಲ್ಲಿ ಪೊಟ್ಟಣ ಬಂದಿತು. ಇನ್ನು ಇದೇ ಸಾಕೆಂದು ಮಾತ್ರೆಗಳನ್ನು ಬಿಟ್ಟರು. ಮೂರನೆಯ ತಿಂಗಳಿನಲ್ಲಿ ಕಾಲಬೆರಳಿನ ಗಾಯ ಕಪ್ಪಾಗತೊಡಗಿದಾಗ ಮಗಳು ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡುಹೋದಳು. ಎರಡು ಬೆರಳು ಹೋದುವು, ಕಾಲು ಉಳಿಯಿತು.

ಆ ವೈದ್ಯರನ್ನು ಹುಡುಕಿಕೊಂಡು ನಾನು ಅಶೋಕನಗರದಿಂದ ಚಿಕ್ಕಪೇಟೆಯವರೆಗೆ ಬಲ್ಲವರನ್ನೆಲ್ಲ ವಿಚಾರಿಸಿದೆನು. ಅಂತಹ ಹೆಸರಿನವರು ಯಾರೂ ಇರಲಿಲ್ಲ. ಪೊಟ್ಟಣದ ಮೇಲೆ ತಯಾರಿಸಿದವರ ವಿಳಾಸವಿರಲಿಲ್ಲ. ಇದ್ದ ದೂರವಾಣಿಯ ಸಂಖ್ಯೆ ಉತ್ತರಿಸಲಿಲ್ಲ. ಜಾಹೀರಾತನ್ನು ಮತ್ತೆ ನೋಡೋಣವೆಂದರೆ ಆ ಜಾಗದಲ್ಲಿ ಬೇರೊಂದು ಬಂದು ಕುಳಿತಿತ್ತು. 1954ರ ಕಾಯಿದೆಯ ಪಟ್ಟಿಯಲ್ಲಿ ಮಧುಮೇಹವು 9ನೆಯದು. ದೂರಿನ ಅರ್ಜಿಯನ್ನು ನಾನೇ ಬರೆದುಕೊಟ್ಟೆನು. ಎದುರಿಯ ಹೆಸರು, ಊರು ಬರೆಯಬೇಕಾದ ಎರಡು ಸಾಲುಗಳನ್ನು ಖಾಲಿ ಬಿಡಬೇಕಾಯಿತು.